ಮಹಡಿಯ ಮೇಲಿನ ಮೀನಿನ ತೊಟ್ಟಿ: ನೆಲದ ಬಲಾಬಲಗಳ ಸಮೀಕ್ಷೆ

ನಗರಗಳಲ್ಲಿ ಮನೆಗಳು ಅಗಲವಾಗಿ ಹರಡುವುದನ್ನು ಬಿಟ್ಟು ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆಯತೊಡಗಿದ ಮೇಲೆ, ಹಿಂದಿನವರು ಹಿತ್ತಿಲ ಬಾವಿಯಲ್ಲೋ ದೇವಸ್ಥಾನದ ಕಲ್ಯಾಣಿಯಲ್ಲೋ ಕಂಡು ಸಂತೋಷಪಡುತ್ತಿದ್ದ ಮೀನಿನ ಓಡಾಟವನ್ನು ಇಂದಿನ ಗೃಹಸ್ಥರು ಐದನೆಯ ಅಥವಾ ಹತ್ತನೆಯ ಮಹಡಿಯ ಹಜಾರದಲ್ಲಿ, ಗಾಜಿನ ತೊಟ್ಟಿಯೊಂದರೊಳಗೆ ಕಾಣಬಯಸುವುದು ಸಹಜವಾಗಿದೆ. ಬಯಕೆಯು ಚಿಕ್ಕ ತೊಟ್ಟಿಯಿಂದ ಆರಂಭವಾಗಿ ದೊಡ್ಡದರತ್ತ ಸಾಗುವುದೂ ಸಹಜವೇ. ಏಕೆಂದರೆ ನೀರಿನ ಪ್ರಮಾಣವು ಹೆಚ್ಚಿದಷ್ಟೂ ಅದರ ಉಷ್ಣತೆಯೂ ಶುದ್ಧಿಯೂ ಸ್ಥಿರವಾಗಿದ್ದು ಮೀನುಗಳು ಆರೋಗ್ಯದಿಂದಿರುವುವೆಂಬುದು ಈ ಹವ್ಯಾಸದಲ್ಲಿ ಪಳಗಿದವರೆಲ್ಲರೂ ಬಲ್ಲ ಸಂಗತಿ. ಹೀಗೆ ತೊಟ್ಟಿಯು ಮೂರಡಿ ನಾಲ್ಕಡಿಗಳನ್ನು ದಾಟಿ ಆರಡಿಯನ್ನು ಮುಟ್ಟುವ ವೇಳೆಗೆ ಮನೆಯಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: ಇಷ್ಟು ನೀರನ್ನು, ಇಷ್ಟು ಗಾಜನ್ನು, ಇಷ್ಟು ಕಲ್ಲುಮರಳನ್ನು, ಕೆಳಗೆ ಇನ್ನೊಂದು ಸಂಸಾರವು ವಾಸಿಸುತ್ತಿರುವ ಈ ನೆಲವು ಹೊತ್ತೀತೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು ಬಗೆಯವು. ತೊಟ್ಟಿಯನ್ನು ಮಾರುವವರು, ಎಷ್ಟೋ ಮನೆಗಳಲ್ಲಿ ಇದಕ್ಕಿಂತ ದೊಡ್ಡವನ್ನೇ ಇಟ್ಟಿದ್ದಾರೆ, ಎಲ್ಲಿಯೂ ಏನೂ ಆಗಿಲ್ಲವೆಂದು ಧೈರ್ಯ ಹೇಳುತ್ತಾರೆ. ಚದರ ಮೀಟರಿಗೆ ಇಂತಿಷ್ಟು ಕಿಲೋ ಎಂಬ ನಿಯಮವನ್ನು ಎಲ್ಲಿಯೋ ಓದಿದ ನೆರೆಯವರು, ತೊಟ್ಟಿಯ ತೂಕವನ್ನು ಅದರ ತಳದ ವಿಸ್ತಾರದಿಂದ ಭಾಗಿಸಿ, ನಿಯಮವು ಮೂರು ಪಟ್ಟು ಮೀರಿತೆಂದು ಗಾಬರಿಗೊಳ್ಳುತ್ತಾರೆ. ಆ ಧೈರ್ಯಕ್ಕೂ ಈ ಗಾಬರಿಗೂ ಪರೀಕ್ಷೆಯ ಆಧಾರವಿಲ್ಲ. ನೆಲವು ತೊಟ್ಟಿಯನ್ನು ಹೊರುವುದೋ ಇಲ್ಲವೋ ಎಂಬುದು ತೂಕವೊಂದರಿಂದಲೇ ತೀರ್ಮಾನವಾಗುವ ವಿಷಯವಲ್ಲ. ಆ ತೂಕವು ಯಾವ ಸ್ಥಳದಲ್ಲಿ ನಿಂತಿದೆ, ನೆಲವು ಯಾವ ಜಾತಿಯದು, ಅದರ ಆರೋಗ್ಯ ಹೇಗಿದೆ, ಹೊರೆಯು ಎಷ್ಟು ಕಾಲ ಅಲ್ಲಿಯೇ ಇರತಕ್ಕದ್ದು ಎಂಬ ನಾಲ್ಕು ವಿಚಾರಗಳು ಕೂಡಿದಾಗಲೇ ಉತ್ತರವು ರೂಪುಗೊಳ್ಳುತ್ತದೆ. ಆ ನಾಲ್ಕನ್ನೂ ಕ್ರಮವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ತೊಟ್ಟಿಯ ತೂಕ

ಮೊದಲು ತೂಕವನ್ನೇ ನಿರ್ಣಯಿಸೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಸಮುದ್ರಜೀವಿಗಳಿಗಾಗಿ ಸಿದ್ಧಪಡಿಸುವ ಉಪ್ಪುನೀರಾದರೆ ನೂರಕ್ಕೆ ಎರಡೂವರೆಯಷ್ಟು ಅಧಿಕ. ಗಾಜು ನೀರಿಗಿಂತ ಎರಡೂವರೆ ಪಟ್ಟು ಭಾರವಾದದ್ದು. ತಳದಲ್ಲಿ ಹಾಸುವ ಜಲ್ಲಿಯೂ ಮರಳೂ ಒಂದೂವರೆ ಪಟ್ಟಿಗೆ ತುಸು ಮಿಗಿಲು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯು ಪೀಠಸಮೇತ ಸುಮಾರು 80 ಕಿಲೋ ತೂಗೀತು. ಪುಷ್ಟನಾದ ಒಬ್ಬ ಮನುಷ್ಯನ ತೂಕವದು, ಅದರ ವಿಷಯದಲ್ಲಿ ಚರ್ಚೆಯೇ ಬೇಕಾಗಿಲ್ಲ. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿಯನ್ನು ತೆಗೆದುಕೊಂಡರೆ, ಅಂಗಡಿಯವರು ಅದನ್ನು 240 ಲೀಟರಿನದೆಂದು ಹೇಳಿದರೂ ಗಾಜಿನ ದಪ್ಪವನ್ನೂ ಮೇಲ್ಗಡೆ ಬಿಡುವ ತೆರಪನ್ನೂ ಜಲ್ಲಿಯು ಆಕ್ರಮಿಸುವ ಎಡೆಯನ್ನೂ ಕಳೆದರೆ ನೀರು ನಿಲ್ಲುವುದು 190 ಲೀಟರಿನ ಆಸುಪಾಸಿನಲ್ಲಿ. ಅದಕ್ಕೆ 10 ಮಿಲಿಮೀಟರ್ ದಪ್ಪದ ಗಾಜಿನ 50 ಕಿಲೋ, ಜಲ್ಲಿಯ 40 ಕಿಲೋ, ಪೀಠದ್ದೂ ಅಲಂಕಾರದ ಕಲ್ಲುಗಳದೂ 45 ಕಿಲೋ ಸೇರಿಸಿದರೆ ಒಟ್ಟು 325 ಕಿಲೋ ಆಗುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ ಇದೇ ಲೆಕ್ಕವನ್ನು ಹಿಡಿದರೆ 800 ಕಿಲೋ ದಾಟುತ್ತದೆ. ಪೀಠದೊಳಗೆ ನೀರು ಶೋಧಿಸುವ ಇನ್ನೊಂದು ಕಿರುತೊಟ್ಟಿಯೂ ಇದ್ದರೆ 900 ಕಿಲೋ ಎಂದೇ ಎಣಿಸತಕ್ಕದ್ದು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದುಂಟು. ತೊಟ್ಟಿಯು ತನ್ನ ತಳದ ಮೇಲೆ ಹಾಕುವ ನೀರಿನ ಒತ್ತಡವು ನೀರಿನ ಎತ್ತರವನ್ನು ಮಾತ್ರ ಅವಲಂಬಿಸಿದೆ. 30 ಸೆಂಟಿಮೀಟರ್ ನೀರು ಚದರ ಮೀಟರಿಗೆ 300 ಕಿಲೋ, 60 ಸೆಂಟಿಮೀಟರ್ ನೀರು 600 ಕಿಲೋ. ಆದುದರಿಂದ ಅಷ್ಟೇ ನೀರನ್ನು ಹಿಡಿಯುವ ಎರಡು ತೊಟ್ಟಿಗಳಲ್ಲಿ ಎತ್ತರವಾಗಿ ಕಿರಿದಾದುದಕ್ಕಿಂತ ತಗ್ಗಾಗಿ ಉದ್ದವಾದುದು ನೆಲಕ್ಕೂ ಹಿತ, ಗಾಜಿಗೂ ಹಿತ. ನೀರಿನ ಮೇಲ್ಮೈ ಹೆಚ್ಚಿದಷ್ಟೂ ವಾಯುವಿನ ವಿನಿಮಯವು ಸುಲಭವಾಗುವುದರಿಂದ ಮೀನುಗಳಿಗೂ ಹಿತ.

ವಿಹಿತ ಹೊರೆಯ ಅರ್ಥ

ನಮ್ಮ ದೇಶದಲ್ಲಿ ಕಟ್ಟಡಗಳು ಹೊರಬೇಕಾದ ಹೊರೆಯನ್ನು ಭಾರತೀಯ ಮಾನಕ 875 ಎಂಬ ಸಂಹಿತೆಯ 1987ರ ಎರಡನೆಯ ಭಾಗವು ಗೊತ್ತುಪಡಿಸಿದೆ. ವಾಸದ ಮನೆಯ ಕೋಣೆಗಳಿಗೆ ಅದು ವಿಧಿಸಿರುವ ಚರಭಾರವು, ಎಂದರೆ ಜನರೂ ಸಾಮಾನುಗಳೂ ನೆಲದ ಮೇಲೆ ಹೇರುವ ಹೊರೆಯು, ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋ. ನಾಲ್ಕಡಿಯ ತೊಟ್ಟಿಯ ತಳವು ಅರ್ಧ ಚದರ ಮೀಟರಿಗೆ ತುಸು ಹೆಚ್ಚು. ಅದರ 325 ಕಿಲೋವನ್ನು ಆ ವಿಸ್ತಾರಕ್ಕೆ ಹಂಚಿದರೆ ಚದರ ಮೀಟರಿಗೆ 600 ಕಿಲೋ ಬರುತ್ತದೆ. ನೆರೆಯವರ ಗಾಬರಿಯ ಮೂಲವು ಇಲ್ಲಿದೆ.

ಆದರೆ ಆ 200 ಕಿಲೋ ಎಂಬುದು ನೆಲದ ಪ್ರತಿಯೊಂದು ತುಣುಕಿಗೂ ವಿಧಿಸಿದ ಮಿತಿಯಲ್ಲ; ಕೋಣೆಯ ಸಮಸ್ತ ನೆಲವೂ ಏಕಕಾಲದಲ್ಲಿ ಅಷ್ಟಷ್ಟು ಹೊರೆಯಿಂದ ತುಂಬಿದರೂ ತಡೆಯಬೇಕೆಂಬ ಕಟ್ಟಳೆ. ತುಣುಕಿನ ಲೆಕ್ಕವನ್ನೇ ಹಿಡಿಯುವುದಾದರೆ 60 ಕಿಲೋ ತೂಕದ ಮನುಷ್ಯನು ನಿಂತಾಗ ಅವನ ಅಂಗಾಲುಗಳ ಕೆಳಗೆ ಚದರ ಮೀಟರಿಗೆ ಸಾವಿರ ಕಿಲೋವಿಗೂ ಮಿಗಿಲಾದ ಒತ್ತಡವಿರುತ್ತದೆ. ಅದರಿಂದ ಯಾರ ಮನೆಯ ನೆಲವೂ ಕುಸಿದುದಿಲ್ಲ. 3.6 ಮೀಟರ್ ಅಗಲ, 4.2 ಮೀಟರ್ ಉದ್ದದ ಕೋಣೆಯ ನೆಲವು 15 ಚದರ ಮೀಟರ್. ಸಂಹಿತೆಯ ಪ್ರಕಾರ ಅದು ಹೊರತಕ್ಕ ಚರಭಾರವು 3000 ಕಿಲೋ. ನಾಮಕರಣಕ್ಕೋ ಸತ್ಯನಾರಾಯಣ ಪೂಜೆಗೋ 40 ಮಂದಿ ಆ ಕೋಣೆಯಲ್ಲಿ ಒತ್ತಾಗಿ ನೆರೆದರೆ 2400 ಕಿಲೋ ಆಗುತ್ತದೆ. ಇಂತಹ ಸಮಾರಂಭಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ವಿಧಿಯು ರಚಿತವಾಗಿರುವುದು. ಆ 3000 ಕಿಲೋವಿನ ಮುಂದೆ ನಾಲ್ಕಡಿಯ ತೊಟ್ಟಿಯು ಒಂಬತ್ತರಲ್ಲಿ ಒಂದು ಪಾಲು ಮಾತ್ರ.

ಇಷ್ಟರಿಂದ ನಿಶ್ಚಿಂತರಾಗಿ ಕೂರುವುದೂ ಸಲ್ಲದು. ಅದೇ ಸಂಹಿತೆಯು ಪುಸ್ತಕಭಂಡಾರದ ಕಪಾಟುಗಳನ್ನು ಸಾಲಾಗಿ ನಿಲ್ಲಿಸುವ ಕೋಣೆಗಳಿಗೆ 2.2 ಮೀಟರ್ ಎತ್ತರದವರೆಗೆ ಚದರ ಮೀಟರಿಗೆ 6 ಕಿಲೋನ್ಯೂಟನ್ ವಿಧಿಸಿದೆ. ನಮ್ಮ ನಾಲ್ಕಡಿಯ ತೊಟ್ಟಿಯು ತನ್ನ ತಳದ ಮೇಲೆ ಹಾಕುವ ಭಾರವೂ ಹೆಚ್ಚುಕಡಿಮೆ ಅಷ್ಟೇ. ಇದರಿಂದ ಒಂದು ಸ್ಪಷ್ಟವಾದ ತಾತ್ಪರ್ಯವು ಹೊರಡುತ್ತದೆ: ಮನೆಯಲ್ಲಿ ಒಂದು ತೊಟ್ಟಿಯನ್ನಿಡುವುದು ಹಜಾರದಲ್ಲಿ ಒಂದು ಪುಸ್ತಕದ ಬೀರುವನ್ನು ಇಟ್ಟಂತೆ, ಮೀನಿನ ಸಂತಾನೋತ್ಪತ್ತಿಗಾಗಿ ಕೋಣೆಯ ನಾಲ್ಕು ಗೋಡೆಗಳಿಗೂ ಎರಡು ಮೂರು ಸ್ತರಗಳ ಚೌಕಟ್ಟುಗಳನ್ನು ನಿಲ್ಲಿಸಿ ತೊಟ್ಟಿಗಳಿಂದ ತುಂಬುವುದಾದರೆ ಆ ಕೋಣೆಯು ವಾಸದ ಕೋಣೆಯಾಗಿ ಉಳಿಯದೆ ಭಂಡಾರವೇ ಆಗಿಬಿಡುತ್ತದೆ, ವಾಸಕ್ಕೆಂದು ಕಟ್ಟಿದ ನೆಲಕ್ಕೆ ಅದನ್ನು ಹೊರಿಸುವುದು ಅನ್ಯಾಯ.

ಕಾಂಕ್ರೀಟಿನ ವಿನ್ಯಾಸವನ್ನು ನಿಯಮಿಸುವ ಭಾರತೀಯ ಮಾನಕ 456, ಅದರ 2000ದ ಆವೃತ್ತಿಯಲ್ಲಿ, ಲೆಕ್ಕಕ್ಕೆ ಬಂದ ಹೊರೆಯನ್ನು ಒಂದೂವರೆ ಪಟ್ಟು ಹೆಚ್ಚಿಸಿಯೂ ಕಾಂಕ್ರೀಟಿನ ಶಕ್ತಿಯನ್ನು 1.5ರಿಂದಲೂ ಕಂಬಿಯ ಶಕ್ತಿಯನ್ನು 1.15ರಿಂದಲೂ ಭಾಗಿಸಿ ತಗ್ಗಿಸಿಯೂ ವಿನ್ಯಾಸವನ್ನು ಮಾಡಬೇಕೆನ್ನುತ್ತದೆ. ಹೀಗೆ ದೊರೆಯುವ ಸುರಕ್ಷೆಯ ಅಂತರವನ್ನು ಕೆಲವರು ತಮಗೆ ಸಂದ ಉಳಿತಾಯವೆಂದು ಭಾವಿಸಿ ಅದನ್ನು ವ್ಯಯಮಾಡಲು ಹೊರಡುವರು. ಅದು ಬಹಳ ತಪ್ಪಾದ ತಿಳಿವಳಿಕೆ. ಮರಳಿನಲ್ಲಿ ಮಣ್ಣು ಸೇರಿದ್ದುದು, ಕಾಂಕ್ರೀಟಿಗೆ ನೀರು ಹೆಚ್ಚಾದುದು, ಕ್ಯೂರಿಂಗ್ ಸಾಲದೆ ಹೋದುದು, ಕಂಬಿಯು ಇರಬೇಕಾದ ಎಡೆಯಿಂದ ಜಾರಿದುದು, ಇಂತಹ ಕಣ್ಣಿಗೆ ಕಾಣದ ದೋಷಗಳಿಗಾಗಿ ಆ ಅಂತರವನ್ನು ಮೀಸಲಿಟ್ಟಿದೆ; ಅದರಲ್ಲಿ ಎಷ್ಟು ಭಾಗವು ನಿರ್ಮಾಣದ ವೇಳೆಯಲ್ಲಿಯೇ ಖರ್ಚಾಗಿಹೋಗಿದೆಯೆಂಬುದನ್ನು ಮನೆಯೊಡೆಯನು ಬಲ್ಲನೇ?

ಸ್ಥಳದ ಮಹತ್ತ್ವ

ಮಲೆನಾಡಿನಲ್ಲಿ ಹಳ್ಳಕ್ಕೆ ಅಡ್ಡವಾಗಿ ಹಾಕಿದ ಕಾಲುಸಂಕವನ್ನು ದಾಟಿದವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಡದ ಬಳಿ ಕಾಲಿಟ್ಟಾಗ ಅಲುಗದ ಮರವು ನಡುವನ್ನು ತಲಪಿದಾಗ ಬಾಗಿ ತೂಗುತ್ತದೆ, ಮನುಷ್ಯನ ತೂಕವಾದರೋ ಎರಡೆಡೆಯಲ್ಲೂ ಒಂದೇ. ಮಹಡಿಯ ಚಪ್ಪಡಿಯೂ ತೊಲೆಯಿಂದ ತೊಲೆಗೆ ಹಾಯ್ದಿರುವ ಅಂತಹ ಸೇತುವೆಯೇ ಆಗಿದೆ. 3.6 ಮೀಟರ್ ಹರವಿನ ಚಪ್ಪಡಿಯನ್ನು ಎರಡು ತುದಿಗಳಲ್ಲಿ ಮಾತ್ರ ಆತುಕೊಂಡುದೆಂದು ಇಟ್ಟುಕೊಂಡು ಸ್ಥೂಲವಾಗಿ ಗಣಿಸಿದರೆ, ಕೋಣೆಯ ತುಂಬ ವಿಹಿತ ಚರಭಾರವು ಬಿದ್ದಾಗ ಉಂಟಾಗುವ ಬಾಗಿಸುವ ಪ್ರಭಾವದಲ್ಲಿ 325 ಕಿಲೋವಿನ ತೊಟ್ಟಿಯು ಕೋಣೆಯ ನಡುವೆ ನಿಂತರೆ ಕಾಲು ಭಾಗವನ್ನು ಬಳಸಿಕೊಳ್ಳುತ್ತದೆ; ಅದನ್ನೇ ತೊಲೆಯ ಮಗ್ಗುಲಿಗೆ, ಗೋಡೆಗೆ ಒತ್ತಿದಂತೆ ಉದ್ದುದ್ದವಾಗಿ ನಿಲ್ಲಿಸಿದರೆ ಏಳರಲ್ಲಿ ಒಂದು ಭಾಗವನ್ನು ಮಾತ್ರ. 900 ಕಿಲೋವಿನ ತೊಟ್ಟಿಯಾದರೆ ನಡುವೆ ಅರ್ಧಕ್ಕಿಂತ ಹೆಚ್ಚನ್ನೂ ಗೋಡೆಯ ಬಳಿ ಮೂರರಲ್ಲಿ ಒಂದಂಶವನ್ನೂ ನುಂಗುತ್ತದೆ. ತೊಲೆಯ ಸಮೀಪದಲ್ಲಿ ಬಾಗಿಸುವ ಪ್ರಭಾವವು ಕುಗ್ಗಿದರೂ ಕತ್ತರಿಸುವ ಬಲವು ಹೆಚ್ಚುವುದೆಂಬುದು ನಿಜ. ಆದರೆ ಮನೆಗಳ ಸಾಮಾನ್ಯ ಚಪ್ಪಡಿಗಳಲ್ಲಿ ಆ ಬಲಕ್ಕೆ ವಿಪುಲವಾದ ಆಸರೆಯಿರುವುದರಿಂದ ಅದು ನಿರ್ಣಾಯಕವಾಗುವುದು ವಿರಳ.

ಇಲ್ಲೊಂದು ಎಚ್ಚರಿಕೆಯು ಅವಶ್ಯಕ. ಗೋಡೆಯ ಬಳಿಯೆಂದ ಮಾತ್ರಕ್ಕೆ ಅದರ ಕೆಳಗೆ ತೊಲೆಯಿದೆಯೆಂದು ಭಾವಿಸಲಾಗದು. ಕೋಣೆಗಳನ್ನು ವಿಭಾಗಿಸುವ ನಾಲ್ಕಿಂಚಿನ ಗೋಡೆಗಳು ಕೆಲವೊಮ್ಮೆ ಚಪ್ಪಡಿಯ ಮೇಲೆಯೇ ನಿಂತಿರುವುದುಂಟು. ಮೀಟರ್ ಉದ್ದಕ್ಕೆ 600ರಿಂದ 700 ಕಿಲೋ ತೂಗುವ ಆ ಗೋಡೆಯು ತಾನೇ ಒಂದು ದೊಡ್ಡ ಹೊರೆಯಾಗಿರುವಾಗ ಅದರ ಪಕ್ಕಕ್ಕೆ ತೊಟ್ಟಿಯನ್ನೂ ನಿಲ್ಲಿಸುವುದು ದುರ್ಬಲವಾದ ಎಡೆಯಲ್ಲಿಯೇ ಭಾರವನ್ನು ಸಂಚಯಿಸಿದಂತಾಗುತ್ತದೆ. ತೊಲೆಯಿರುವ ಎಡೆಯನ್ನು ತಿಳಿಯಲು ಸುಲಭವಾದ ಉಪಾಯವೊಂದಿದೆ: ಎಲ್ಲ ಅಂತಸ್ತುಗಳಿಗೂ ಒಂದೇ ನಕ್ಷೆಯಿರುವ ಕಟ್ಟಡಗಳಲ್ಲಿ ನಮ್ಮ ತಲೆಯ ಮೇಲಿನ ಚಾವಣಿಯಲ್ಲಿ ತೊಲೆಯು ಎಲ್ಲಿ ಇಳಿದು ಕಾಣುತ್ತದೆಯೋ ನಮ್ಮ ಕಾಲಿನ ಕೆಳಗೂ ಅದೇ ನೇರದಲ್ಲಿ ತೊಲೆಯಿರುವುದು ಬಹುಮಟ್ಟಿಗೆ ಖಚಿತ. ಹೊರಗೋಡೆಯ ಮೂಲೆ, ಅದರಲ್ಲೂ ಕಂಬವು ಎದ್ದಿರುವ ಮೂಲೆ, ಎಲ್ಲಕ್ಕಿಂತ ಶ್ರೇಷ್ಠವಾದ ಸ್ಥಾನ.

ಬಾಲ್ಕನಿಯಾದರೋ ಸರ್ವಥಾ ವರ್ಜ್ಯ. ಜನರು ಗುಂಪುಗೂಡುವ ಸಂಭವವನ್ನು ನೆನೆದು ಸಂಹಿತೆಯು ಅಲ್ಲಿಗೆ ಕೋಣೆಗಿಂತ ಹೆಚ್ಚಾಗಿ ಚದರ ಮೀಟರಿಗೆ 3 ಕಿಲೋನ್ಯೂಟನ್ ವಿಧಿಸಿರುವುದನ್ನು ಕಂಡು ಅದು ಕೋಣೆಗಿಂತ ಬಲವುಳ್ಳದ್ದೆಂದು ತಿಳಿಯಬಾರದು. ಒಂದೇ ಕಡೆಯ ಆಸರೆಯಿಂದ ಹೊರಚಾಚಿರುವ ಚಪ್ಪಡಿಯಲ್ಲಿ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಹಾಕುವ ದಿನ ಕೆಲಸಗಾರರ ಕಾಲ್ತುಳಿತಕ್ಕೆ ಅವು ಕೆಳಗೆ ಕುಗ್ಗಿದರೆ ಚಪ್ಪಡಿಯ ಶಕ್ತಿಯು ಬಹುವಾಗಿ ನಷ್ಟವಾಗುತ್ತದೆ, ಮತ್ತು ಆ ನಷ್ಟವು ಹೊರಗಿನಿಂದ ಯಾರಿಗೂ ಕಾಣದು. ಮಳೆಬಿಸಿಲುಗಳಿಗೆ ಸದಾ ಒಡ್ಡಿಕೊಂಡಿರುವುದರಿಂದ ಅಲ್ಲಿನ ಕಂಬಿಗಳಿಗೆ ತುಕ್ಕಿನ ಬಾಧೆಯೂ ಹೆಚ್ಚು. ಕೋಣೆಯ ಚಪ್ಪಡಿಯು ಒಂದೆಡೆ ಬಳಲಿದರೆ ಹೊರೆಯನ್ನು ಅಕ್ಕಪಕ್ಕಕ್ಕೆ ವರ್ಗಾಯಿಸಬಲ್ಲದು. ಹೊರಚಾಚಿದ ಚಪ್ಪಡಿಗೆ ಅಂತಹ ಎರಡನೆಯ ಆಶ್ರಯವೇ ಇಲ್ಲ.

ನೆಲಗಳ ಜಾತಿ

ಇದುವರೆಗೆ ಹೇಳಿದುದು ಬಲವರ್ಧಿತ ಕಾಂಕ್ರೀಟಿನ ನೆಲಕ್ಕೆ, ಎಂದರೆ ನಮ್ಮ ಜನ ಆರ್‌ಸಿಸಿ ಎನ್ನುವ ಮೋಲ್ಡಿಗೆ ಅನ್ವಯಿಸತಕ್ಕದ್ದು. ಐದಿಂಚು ದಪ್ಪದ ಅಂತಹ ಚಪ್ಪಡಿಯು ತನ್ನ ಮೇಲಿನ ಗಾರೆ ಟೈಲುಗಳೊಡನೆ ಚದರ ಮೀಟರಿಗೆ 400 ಕಿಲೋವಿಗೂ ಅಧಿಕವಾದ ತನ್ನದೇ ಭಾರವನ್ನು ಹೊತ್ತಿರುತ್ತದೆ. ಮೇಲೆ ಹೇಳಿದ ಕೋಣೆಯಲ್ಲಿ ಅದು ಆರು ಟನ್ನನ್ನು ಮೀರುತ್ತದೆ. ತನ್ನನ್ನು ತಾನೇ ಆರು ಟನ್ ಹೊತ್ತು ನಿಂತ ನೆಲಕ್ಕೆ ಟನ್ನಿನ ಮೂರನೆಯ ಒಂದು ಪಾಲು ತೂಗುವ ತೊಟ್ಟಿಯು ಸೇರುವುದು ಭಾರದಲ್ಲಿ ಅಲ್ಪವೇ ಆದ ವೃದ್ಧಿ. ಈಚೆಗೆ ಬೆಂಗಳೂರಿನ ಎತ್ತರದ ವಸತಿಗಳಲ್ಲಿ ಬಳಕೆಗೆ ಬಂದಿರುವ, ಗೋಡೆಗಳನ್ನೂ ಚಪ್ಪಡಿಯನ್ನೂ ಅಲ್ಯುಮಿನಿಯಂ ಅಚ್ಚಿನಲ್ಲಿ ಒಟ್ಟಿಗೆ ಎರಕಹೊಯ್ಯುವ, ಮೈವಾನ್ ಎಂದು ಹೆಸರಾದ ಪದ್ಧತಿಯಲ್ಲಿ ಗೋಡೆಗಳೇ ಆಸರೆಯಾಗಿರುವುದರಿಂದ ಗೋಡೆಯ ಬಳಿಯ ಸ್ಥಾನವು ಇನ್ನೂ ಭದ್ರ. ತೊಲೆಗಳಿಲ್ಲದೆ ಕಂಬಗಳ ಮೇಲೆ ನೇರವಾಗಿ ಕೂರುವ ಸಮತಲ ಚಪ್ಪಡಿಗಳಲ್ಲಿಯಾದರೆ ಕಂಬವು ಚಪ್ಪಡಿಯನ್ನು ತೂತುಗೆಡವಿ ಮೇಲೇಳುವ ಬಗೆಯ ವೈಫಲ್ಯಕ್ಕೆ ಅವಕಾಶವಿದೆ. ಅಂತಹ ಕಟ್ಟಡದಲ್ಲಿ ದೊಡ್ಡ ಹೊರೆಯನ್ನಿಡಲು ಅಂದಾಜು ಸಾಲದು.

ಹಳೆಯ ಮನೆಗಳ ವಿಚಾರವೇ ಬೇರೆ. ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚುಗಟ್ಟಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆದ ಮದ್ರಾಸ್ ತಾರಸಿಯ ಮಹಡಿಗಳಲ್ಲಿ ಗಾರೆಯು ಗಟ್ಟಿಯಾಗಿದ್ದರೂ ಜಂತೆಯ ತುದಿಯು ಗೋಡೆಯೊಳಗೆ ಗೆದ್ದಲಿಗೋ ತೇವಕ್ಕೋ ತುತ್ತಾಗಿರಬಹುದು. ಕಲ್ಲುಚಪ್ಪಡಿಯ ಮಾಳಿಗೆಯು ನೋಡಲು ಅಭೇದ್ಯವೆನಿಸಿದರೂ ಕಲ್ಲಿಗೆ ಸೆಳೆತವನ್ನು ತಾಳುವ ಶಕ್ತಿಯು ಕಡಮೆ, ಅದರೊಳಗೆ ಕಂಬಿಯಿಲ್ಲ, ಅದು ಬಾಗಿ ಎಚ್ಚರಿಸದೆ ಒಮ್ಮೆಗೇ ಸೀಳುತ್ತದೆ. ಕರಾವಳಿಯ ಮನೆಗಳಲ್ಲಿನ ಮರದ ಹಲಗೆಯ ಮುಚ್ಚಿಗೆಯು ಧಾನ್ಯಪಾತ್ರೆಗಳನ್ನು ಇಡಲೆಂದು ಮಾಡಿದ್ದು. ಇಂತಹ ಮಹಡಿಗಳ ಮೇಲೆ ಚಿಕ್ಕ ತೊಟ್ಟಿಯ ಹೊರತು ಬೇರೇನನ್ನೂ ಇಡದಿರುವುದೇ ವಿವೇಕ.

ಅಮೆರಿಕದಲ್ಲಿ, ಕ್ಯಾಲಿಫೋರ್ನಿಯ ನ್ಯೂಜೆರ್ಸಿ ಮೊದಲಾದೆಡೆ ನೆಲಸಿರುವ ಅನೇಕ ಕನ್ನಡಿಗರು ವಾಸಿಸುವ ಮನೆಗಳ ಮಹಡಿಯು ಮರದ್ದು. ಅಲ್ಲಿ ವಾಸದ ಕೋಣೆಗಳಿಗೆ ರೂಢಿಯಲ್ಲಿರುವ ವಿಹಿತ ಹೊರೆಯು ಚದರಡಿಗೆ 40 ಪೌಂಡು, ಮಲಗುವ ಕೋಣೆಗೆ 30 ಪೌಂಡು. ಮೊದಲನೆಯದು ನಮ್ಮ ಚದರ ಮೀಟರಿನ 200 ಕಿಲೋವಿಗೆ ಹೆಚ್ಚುಕಡಿಮೆ ಸಮಾನವೇ ಆದರೂ ಎರಡು ನೆಲಗಳ ಸ್ವಭಾವವು ಒಂದಲ್ಲ. ಮರದ ನೆಲದ ಸ್ವಂತ ಭಾರವು ಚದರಡಿಗೆ ಹತ್ತು ಹದಿನೈದು ಪೌಂಡುಗಳಷ್ಟು ಲಘುವಾಗಿರುವುದರಿಂದ ಅದೇ ತೊಟ್ಟಿಯು ಅಲ್ಲಿ ದೊಡ್ಡ ಹೊರೆಯಾಗಿ ಪರಿಣಮಿಸುತ್ತದೆ. ಸಾಮಾನ್ಯವಾಗಿ 16 ಇಂಚಿಗೊಂದರಂತೆ ಹಾಯ್ದಿರುವ ಜಂತೆಗಳಿಗೆ ತೊಟ್ಟಿಯನ್ನು ಅಡ್ಡಲಾಗಿ ಇಟ್ಟರೆ ಮೂರು ನಾಲ್ಕು ಜಂತೆಗಳು ಭಾರವನ್ನು ಹಂಚಿಕೊಳ್ಳುವುವು. ಜಂತೆಗೆ ಸಮಾನಾಂತರವಾಗಿ ಇಟ್ಟರೆ ಒಂದೆರಡೇ ಜಂತೆಗಳು ಸಮಸ್ತವನ್ನೂ ಹೊರಬೇಕಾಗುತ್ತದೆ. ಯಾರಾದರೂ ನಡೆದಾಗ ನೀರಿನ ಮೇಲ್ಮೈ ಅಲುಗಿದರೆ ನೆಲವು ಅಳ್ಳಕವಾಗಿದೆಯೆಂಬುದಕ್ಕೆ ಅದೇ ಸಾಕ್ಷಿ.

ಕಾಲ ಮತ್ತು ಜಲ

ಸಮಾರಂಭಕ್ಕೆ ನೆರೆದ ಜನರು ಊಟವಾದ ಮೇಲೆ ಹೊರಟುಹೋಗುತ್ತಾರೆ, ತೊಟ್ಟಿಯು ಹೋಗುವುದಿಲ್ಲ. ಚರಭಾರವೆಂದು ಲೆಕ್ಕಕ್ಕೆ ಹಿಡಿದರೂ ನಡವಳಿಕೆಯಲ್ಲಿ ಅದು ಸ್ಥಿರಭಾರವೇ ಆಗಿದೆ. ಬಹುಕಾಲ ಹೊರೆಯನ್ನು ಹೊತ್ತ ಕಾಂಕ್ರೀಟು ಮೆಲ್ಲಮೆಲ್ಲನೆ, ಮೊದಲು ಬಾಗಿದುದಕ್ಕಿಂತ ಮತ್ತಷ್ಟು ಬಾಗುವ ಗುಣವುಳ್ಳದ್ದು. ಭಾರತೀಯ ಮಾನಕ 456 ಈ ನಿಧಾನವಾದ ಬಾಗಿನ ಗುಣಕವನ್ನು ಏಳು ದಿನಗಳ ಕಾಂಕ್ರೀಟಿಗೆ 2.2 ಎಂದೂ 28 ದಿನಗಳದಕ್ಕೆ 1.6 ಎಂದೂ ಒಂದು ವರ್ಷದ್ದಕ್ಕೆ 1.1 ಎಂದೂ ಕೊಟ್ಟಿದೆ. ಈ ದೃಷ್ಟಿಯಿಂದ ನೋಡಿದರೆ ಕೆಲವು ವರ್ಷ ಹಣ್ಣಾದ ಚಪ್ಪಡಿಯು ಹೊಸದಕ್ಕಿಂತ ಲೇಸು; ಗೃಹಪ್ರವೇಶವಾದ ಕೂಡಲೇ ದೊಡ್ಡ ತೊಟ್ಟಿಯನ್ನು ತರಲು ಅವಸರಪಡುವವರು ಸ್ವಲ್ಪ ತಾಳಿಕೊಳ್ಳುವುದು ಒಳ್ಳೆಯದು. ಇಂತಹ ಬಾಗುವಿಕೆಯಿಂದ ಮನೆ ಬೀಳುವುದಿಲ್ಲ. ಟೈಲುಗಳ ಸಂದು ಬಿರಿಯುತ್ತದೆ, ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆ, ತೊಟ್ಟಿಯ ನೀರು ಒಂದು ಕಡೆಗೆ ವಾಲಿ ಕಾಣುತ್ತದೆ.

ಭಾರಕ್ಕಿಂತ ಭಯಂಕರವಾದ ಶತ್ರುವು ನೀರೇ ಆಗಿದೆ. ನನ್ನ ಮಟ್ಟಿಗೆ ಈ ಸಮೀಕ್ಷೆಯ ಸಾರವೆಲ್ಲ ಈ ಮಾತಿನಲ್ಲಿದೆ. ವಾರವಾರವೂ ನೀರನ್ನು ಬದಲಿಸುವಾಗ ಚೆಲ್ಲುವ ಹನಿಗಳು, ಅಂಟಿನ ಬೆಸುಗೆಯಿಂದ ಜಿನುಗುವ ಸೆಲೆ, ಕೊಳವೆಯ ಕೀಲಿನಿಂದ ಪೀಠದ ಮರೆಯಲ್ಲಿ ಇಳಿಯುವ ಪಸೆ, ಇವೆಲ್ಲವೂ ಟೈಲಿನ ಸಂದಿನಿಂದ ಒಳಗಿಳಿದು ಗಾರೆಯನ್ನು ನೆನೆಸಿ ಕಾಂಕ್ರೀಟಿನ ಬಿರುಕುಗಳನ್ನು ಹುಡುಕಿಕೊಂಡು ಹೋಗುತ್ತವೆ. ತೇವವೂ ವಾಯುವೂ ತಗುಲಿದ ಕಂಬಿಯು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಎಡೆಯನ್ನು ಬಯಸುವುದರಿಂದ ಸುತ್ತಣ ಕಾಂಕ್ರೀಟನ್ನು ಒಡೆದು ಕೆಡಹುತ್ತದೆ. ಉಪ್ಪುನೀರಿನ ತೊಟ್ಟಿಯಾದರೆ ಲವಣದ ಕ್ಲೋರೈಡು ಕಂಬಿಯ ರಕ್ಷಾಪೊರೆಯನ್ನೇ ಭೇದಿಸುವುದರಿಂದ ಕೇಡು ಇನ್ನೂ ಶೀಘ್ರ. ಹೊಸ ಕಟ್ಟಡದಲ್ಲಿ 325 ಕಿಲೋವನ್ನು ಲೀಲೆಯಿಂದ ಹೊರುವ ಚಪ್ಪಡಿಯು ಇಪ್ಪತ್ತು ವರ್ಷಗಳ ಸೋರುವಿಕೆಯ ತರುವಾಯ ತನ್ನ ಭಾರಕ್ಕೇ ತತ್ತರಿಸಬಹುದು. ಆದುದರಿಂದ ಬಚ್ಚಲುಮನೆಯ ಮಗ್ಗುಲ ಗೋಡೆ, ಹಿಂದೊಮ್ಮೆ ಸೋರಿದ ಮೂಲೆ, ಕೆಳಮನೆಯ ಚಾವಣಿಯಲ್ಲಿ ಕಂದುಗಲೆಯೋ ಉಬ್ಬಿದ ಗಾರೆಯೋ ಕಾಣುವ ಎಡೆ, ಇವುಗಳನ್ನು ಮೊದಲೇ ಕೈಬಿಡತಕ್ಕದ್ದು.

ದುರಂತಗಳು ಕಲಿಸುವ ಪಾಠ

1995ರ ಜೂನ್ 29ರಂದು ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ಸಾಂಪೂಂಗ್ ಎಂಬ ಭಾರಿ ಮಳಿಗೆಯು ಕುಸಿದು 502 ಮಂದಿ ಮೃತರಾದರು. ತೊಲೆಗಳಿಲ್ಲದ ಸಮತಲ ಚಪ್ಪಡಿಗಳ ಆ ಕಟ್ಟಡದಲ್ಲಿ ಕಂಬಗಳ ಗಾತ್ರವನ್ನು ಇಳಿಸಲಾಗಿತ್ತು; ಐದನೆಯ ಅಂತಸ್ತಿನಲ್ಲಿ ಬಿಸಿನೆಲದ ಭೋಜನಶಾಲೆಗಳನ್ನು ತೆರೆದು ಸ್ಥಿರಭಾರವನ್ನು ಏರಿಸಲಾಗಿತ್ತು; ಮಾಳಿಗೆಯ ಮೇಲಿನ ಹವಾನಿಯಂತ್ರಣದ ಭಾರಿ ಯಂತ್ರಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಎಳೆದುದರಿಂದ ಚಪ್ಪಡಿಯು ಬಿರುಕುಬಿಟ್ಟಿತ್ತು. ಬಿರುಕುಗಳನ್ನು ಕಂಡ ಮೇಲೂ ವ್ಯಾಪಾರವನ್ನು ನಿಲ್ಲಿಸಲಿಲ್ಲ. ನಮ್ಮಲ್ಲಿಯೇ 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ನಿರ್ಮಾಣದಲ್ಲಿದ್ದ ಕಟ್ಟಡವು ಕುಸಿದು ಹಲವರ ಪ್ರಾಣವನ್ನು ಅಪಹರಿಸಿತು. ಗೃಹೋಪಯೋಗಿ ವಸ್ತುವೊಂದರ ತೂಕವು ಕಟ್ಟಡಗಳನ್ನು ಕೆಡಹುವುದಲ್ಲ. ದೋಷವುಳ್ಳ ನಿರ್ಮಾಣ, ಲೆಕ್ಕವಿಲ್ಲದೆ ಮಾಡಿದ ಮಾರ್ಪಾಟು, ಕಂಡೂ ಕಾಣದಂತೆ ಬಿಟ್ಟ ಬಿರುಕು, ಇವು ಕೆಡಹುತ್ತವೆ.

2022ರ ಡಿಸೆಂಬರ್ 16ರಂದು ಬರ್ಲಿನ್ನಿನಲ್ಲಿ ಒಡೆದ ಆಕ್ವಾಡೋಮ್ ಎಂಬ ಬೃಹತ್ ಸ್ತಂಭಾಕಾರದ ಮತ್ಸ್ಯಾಗಾರವು ಇನ್ನೊಂದು ಬಗೆಯ ಪಾಠವನ್ನು ಹೇಳುತ್ತದೆ. ಸುಮಾರು ಹತ್ತು ಲಕ್ಷ ಲೀಟರ್ ನೀರನ್ನು ಹಿಡಿದಿದ್ದ ಅದು ಒಮ್ಮೆಗೇ ಸಿಡಿದಾಗ ಅದರೊಳಗಿನ ಮೀನುಗಳಲ್ಲಿ ಬಹುತೇಕ ಎಲ್ಲವೂ ಸತ್ತುವು. ವೇಳೆಯು ಬೆಳಗಿನ ಜಾವವಾಗಿದ್ದುದರಿಂದ ಮಾತ್ರ ಮಾನವಪ್ರಾಣಗಳು ಉಳಿದುವು. ಅಲ್ಲಿ ಸೋತುದು ನೆಲವಲ್ಲ, ತೊಟ್ಟಿಯ ಭಿತ್ತಿ. ಮನೆಯ ತೊಟ್ಟಿಯ ವಿಷಯದಲ್ಲಿಯೂ ನೆಲವು ಮುರಿಯುವುದಕ್ಕಿಂತ ಬೆಸುಗೆಯು ಬಿಡುವುದೇ ಹೆಚ್ಚು ಸಂಭಾವ್ಯವಾದ ಅನಾಹುತ. ಇನ್ನೂರು ಲೀಟರ್ ನೀರು ಕ್ಷಣಮಾತ್ರದಲ್ಲಿ ಹಜಾರವನ್ನು ಆವರಿಸಿ ವಿದ್ಯುತ್ತಿನ ತಂತಿಗಳನ್ನು ಮುಟ್ಟಿ ಕೆಳಮನೆಗೆ ಇಳಿಯುವುದನ್ನು ಊಹಿಸಿಕೊಂಡವರು ಗಾಜಿನ ದಪ್ಪದಲ್ಲಿ ಹಣವನ್ನು ಉಳಿಸಲು ಹೋಗಲಾರರು.

ವಿವೇಕದ ಮಾರ್ಗ

ಹೀಗಿರುವಲ್ಲಿ ಗೃಹಸ್ಥನು ಮಾಡತಕ್ಕುದೇನು? ಮೇಲಿನ ಗಣನೆಗಳಿಂದ ನನಗೆ ತೋರುವ ಕ್ರಮ ಹೀಗಿದೆ. ಆರೋಗ್ಯವಾದ ಆರ್‌ಸಿಸಿ ನೆಲದ ಮೇಲೆ ಮೂರಡಿಯವರೆಗಿನ ತೊಟ್ಟಿಯನ್ನು ಬಾಲ್ಕನಿಯೊಂದನ್ನು ಬಿಟ್ಟು ಎಲ್ಲಿಯಾದರೂ ಇಡಬಹುದು. ನಾಲ್ಕಡಿಯದನ್ನು ತೊಲೆಯ ಬಳಿ, ಹೊರಗೋಡೆಗೆ ಉದ್ದುದ್ದವಾಗಿ ಇಡತಕ್ಕದ್ದು. ಒಟ್ಟು ತೂಕವು ಅರ್ಧ ಟನ್ನನ್ನು ಮೀರುವುದಾದರೆ ಕಟ್ಟಡದ ಸ್ಟ್ರಕ್ಚರಲ್ ನಕ್ಷೆಯನ್ನು ತರಿಸಿ ಆ ವಿದ್ಯೆಯಲ್ಲಿ ಪರಿಣತನಾದ ಎಂಜಿನಿಯರಿಗೆ ತೋರಿಸಬೇಕು. ಈ ಘಟ್ಟದಲ್ಲಿ ಮೇಸ್ತ್ರಿಯ ಅನುಭವವೂ ಅಂಗಡಿಯವನ ಭರವಸೆಯೂ ಪರ್ಯಾಯವಾಗಲಾರವು. ಒಂದು ಟನ್ನಿಗೆ ಮಿಕ್ಕುದಕ್ಕೂ ಕೋಣೆಯ ತುಂಬ ತೊಟ್ಟಿಗಳನ್ನಿಡುವುದಕ್ಕೂ ಅದಕ್ಕೆಂದೇ ವಿನ್ಯಾಸಗೊಂಡ ನೆಲವಾಗಲಿ ನೆಲಮಾಳಿಗೆಯಾಗಲಿ ಬೇಕು. ನಕ್ಷೆಯು ದೊರೆಯದೆ ಸಂಶಯವು ಉಳಿದರೆ ಪರೀಕ್ಷಾವಿಧಾನವೂ ಉಂಟು: ಚಪ್ಪಡಿಯ ಮೇಲೆ ವಿಹಿತ ಚರಭಾರದ ಒಂದೂಕಾಲು ಪಟ್ಟನ್ನು 24 ಗಂಟೆಗಳ ಕಾಲ ಹೇರಿ, ತೆಗೆದ ಮೇಲಿನ 24 ಗಂಟೆಗಳೊಳಗೆ ಬಾಗಿದುದರಲ್ಲಿ ನೂರಕ್ಕೆ 75 ಭಾಗವು ಹಿಂದಿರುಗುವುದೋ ಎಂಬುದನ್ನು ಅಳೆಯಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ; ಅದನ್ನು ತಜ್ಞರು ಮಾಡತಕ್ಕದ್ದೇ ಹೊರತು ಮನೆಯವರು ಅಲ್ಲ.

ಪೀಠದ ವಿಷಯವನ್ನೂ ಕಡೆಗಣಿಸಲಾಗದು. ನಾಲ್ಕಡಿಯ ತೊಟ್ಟಿಯನ್ನು ಹೊತ್ತ, ನಾಲ್ಕು ಕಬ್ಬಿಣದ ಕಾಲುಗಳ ಪೀಠದ ಒಂದೊಂದು ಕಾಲೂ ಸುಮಾರು 80 ಕಿಲೋವನ್ನು ಟೈಲಿನ ಅಂಗೈಯಗಲಕ್ಕೂ ಕಿರಿದಾದ ಎಡೆಯ ಮೇಲೆ ಊರುವುದರಿಂದ, ಕೆಳಗೆ ಗಾರೆ ಸರಿಯಾಗಿ ತುಂಬದೆ ತಟ್ಟಿದರೆ ಪೊಳ್ಳಾಗಿ ದನಿಗೊಡುವ ಟೈಲು ಒಡೆಯುತ್ತದೆ. ದಪ್ಪ ಹಲಗೆಯನ್ನು ಹಾಸಿ ಭಾರವನ್ನು ಹರಡಿದರೆ ಈ ಕೇಡು ತಪ್ಪುತ್ತದೆ. ತೊಟ್ಟಿಯ ತಳಕ್ಕೆ ಥರ್ಮಾಕೋಲಿನ ಹಾಳೆಯನ್ನು ಹಾಸಿ, ಮಟ್ಟಗೋಲಿನಿಂದ ಸಮಮಾಡಿ, ಎತ್ತರದ ಪೀಠವಾದರೆ ಗೋಡೆಗೆ ಬಿಗಿಯುವುದು ಯೋಗ್ಯ. 2016ರ ಭೂಕಂಪ ಸಂಹಿತೆಯಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿದ್ದರೆ ಮಂಗಳೂರು ಮೂರನೆಯದರಲ್ಲಿದೆ. ನೆಲವು ಕೊಂಚ ಅಲುಗಿದರೂ ನೀರು ತುಳುಕಿ ತೊಟ್ಟಿಯನ್ನು ತಳ್ಳುವ ಬಲವು ಅಲ್ಪವಾದದ್ದಲ್ಲ.

ಇವೆಲ್ಲಕ್ಕೂ ಮಿಗಿಲಾಗಿ, ಬಹುಮಹಡಿಯ ವಸತಿಯಲ್ಲಿ ಒಬ್ಬನ ನೆಲವೇ ಇನ್ನೊಬ್ಬನ ಚಾವಣಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಅಧಿನಿಯಮವು ಸ್ವತ್ತಿನ ದೃಢತೆಗೂ ಸುರಕ್ಷೆಗೂ ಕುಂದು ತರುವಂತಹ ಕೆಲಸವನ್ನು ಒಡೆಯನು ಮಾಡಕೂಡದೆಂದು ನಿಷೇಧಿಸಿರುವುದು ಈ ಅನ್ಯೋನ್ಯ ಸಂಬಂಧವನ್ನು ಮನಗಂಡೇ. ದೊಡ್ಡ ತೊಟ್ಟಿಯನ್ನಿಡುವ ಮುನ್ನ ಕೆಳಮನೆಯವರಿಗೆ ತಿಳಿಸಿ, ಅವರ ಚಾವಣಿಯನ್ನು ಒಮ್ಮೆ ನೋಡಿಬರುವುದು ಸೌಜನ್ಯವೂ ಹೌದು, ಪರೀಕ್ಷೆಯೂ ಹೌದು. ನಮ್ಮ ನೆಲದ ನಿಜಸ್ಥಿತಿಯು ನಮಗಿಂತ ಅವರಿಗೇ ಚೆನ್ನಾಗಿ ಕಾಣುತ್ತದೆ.

ಆದರೆ ಈ ಭಾರವೆಲ್ಲವನ್ನೂ ಗೃಹಸ್ಥನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ಜೀವಮಾನದ ಗಳಿಕೆಯನ್ನು ಸುರಿದು ಮನೆಯನ್ನು ಕೊಳ್ಳುವವನಿಗೆ ನಾವು ಬಾಗಿಲ ಬೀಗದ ಕೈಯನ್ನೂ ನೋಂದಣಿಯ ಪತ್ರವನ್ನೂ ಕೊಡುತ್ತೇವೆ. ಅವನು ಕಾಲಿಡುವ ನೆಲವು ಎಷ್ಟು ದಪ್ಪ, ಅದರ ಕೆಳಗೆ ತೊಲೆಗಳು ಎಲ್ಲಿ ಹಾಯ್ದಿವೆ, ಅದು ಎಷ್ಟು ಹೊರೆಗೆ ವಿನ್ಯಾಸಗೊಂಡಿದೆ ಎಂಬ ಒಂದು ಹಾಳೆಯನ್ನು ಕೊಡುವ ರೂಢಿಯು ನಮ್ಮಲ್ಲಿ ಇನ್ನೂ ಬೆಳೆದುಬಂದಿಲ್ಲ. ಕಟ್ಟುವವರು ಅಂತಹ ಹಾಳೆಯನ್ನು ಪ್ರತಿಯೊಂದು ಮನೆಗೂ ಕೊಡುವುದೂ, ನಿವಾಸಿಗಳ ಸಂಘಗಳು ಅದನ್ನು ಜೋಪಾನವಾಗಿಟ್ಟು ಕೇಳಿದವರಿಗೆ ತೋರಿಸುವುದೂ ವಾಡಿಕೆಯಾದರೆ, ಮೀನಿನ ತೊಟ್ಟಿಯ ಪ್ರಶ್ನೆ ಮಾತ್ರವಲ್ಲ, ಪುಸ್ತಕದ ಬೀರು, ತೂಗುಮಂಚ, ನೀರಿನ ಟ್ಯಾಂಕು, ಗೋಡೆಯ ಸ್ಥಳಾಂತರ ಮೊದಲಾದ ನೂರು ಪ್ರಶ್ನೆಗಳು ಊಹೆಯಿಂದ ಹೊರಬಂದು ಲೆಕ್ಕದ ಬೆಳಕಿಗೆ ಬರುತ್ತವೆ. ತಾನು ವಾಸಿಸುವ ಮನೆಯ ಬಲಾಬಲಗಳನ್ನು ಅರಿಯುವುದು ಒಡೆಯನ ಕರ್ತವ್ಯವಾದಂತೆಯೇ ಅವನ ಹಕ್ಕೂ ಆಗಿದೆ. ಆ ಹಕ್ಕನ್ನು ಕೇಳಿ ಪಡೆಯುವ ಕಾಲವು ಬಂದಿದೆ.